ಪರ್ಸ್‌ನಲ್ಲಿ ಬಚ್ಚಿಟ್ಟ ಸ್ಟ್ರಿಪ್: ಎಸ್ಸಿಟಾಲೊಪ್ರಾಮ್ ಮಾತ್ರೆ, ಅದರ ಸೈಡ್ ಎಫೆಕ್ಟ್, ಅದಕ್ಕೆ ಆಗಿಬರದ ಮಾತ್ರೆಗಳು

ಹಾಸನದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನಮ್ಮ ಮೆಡಿಕಲ್ ಶಾಪ್. ಒಂದು ಸಂಜೆ ನಲವತ್ತರ ಆಸುಪಾಸಿನ ಒಬ್ಬರು ಬಂದು, "ಅಣ್ಣ, ಒಂದು ಪ್ಯಾನ್-ಡಿ ಸ್ಟ್ರಿಪ್ ಕೊಡಿ" ಅಂದರು. ನಾಲ್ಕು ದಿನದಿಂದ ಹೊಟ್ಟೆ ತೊಳಸುತ್ತಿದೆಯಂತೆ. ಬೆಳಿಗ್ಗೆ ತಿಂಡಿ ಸೇರುತ್ತಿಲ್ಲವಂತೆ. ದುಡ್ಡು ತೆಗೆಯಲು ಪರ್ಸ್ ಬಿಚ್ಚಿದಾಗ ಕಾಗದದಲ್ಲಿ ಸುತ್ತಿಟ್ಟ ಇನ್ನೊಂದು ಸ್ಟ್ರಿಪ್ ಕೌಂಟರ್ ಮೇಲೆ ಬಿತ್ತು. ಎಸ್ಸಿಟಾಲೊಪ್ರಾಮ್, 10 ಎಂಜಿ. ಹತ್ತು ಮಾತ್ರೆಯಲ್ಲಿ ನಾಲ್ಕು ಖಾಲಿ. ಅವರು ತಟ್ಟನೆ ಎತ್ತಿಕೊಂಡು, "ಇದು ನಂದಲ್ಲ, ಬೇರೆಯವರದ್ದು" ಅಂದರು.

ನಾಲ್ಕು ಖಾಲಿ ಗುಳಿ, ನಾಲ್ಕು ದಿನದ ತೊಳಸು. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು.

ಬಿಪಿ ಮಾತ್ರೆ, ಶುಗರ್ ಮಾತ್ರೆ ಫ್ರಿಜ್ ಮೇಲಿನ ಡಬ್ಬಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತವೆ. ಮನಸ್ಸಿನ ಕಾಯಿಲೆಯ ಮಾತ್ರೆ ಮಾತ್ರ ಬೀರುವಿನಲ್ಲಿ, ಸೀರೆಯ ಮಡಿಕೆಯಲ್ಲಿ, ಪರ್ಸಿನ ಒಳಜೇಬಿನಲ್ಲಿ. ಮನೆಯವರಿಂದ ಮುಚ್ಚಿಡುವುದು ಒಂದು ಕಥೆ. ಆದರೆ ಹಲ್ಲಿನ ಡಾಕ್ಟರಿಗೂ ಹೇಳುವುದಿಲ್ಲ, ಮೂಳೆ ಡಾಕ್ಟರಿಗೂ ಹೇಳುವುದಿಲ್ಲ, ನಮಗಂತೂ ಹೇಳುವುದೇ ಇಲ್ಲ. ಈ ಮಾತ್ರೆ ತಾನಾಗಿ ತೊಂದರೆ ಕೊಡುವುದು ಕಡಿಮೆ. ಪಕ್ಕದಲ್ಲಿ ಇನ್ನೊಂದು ಮಾತ್ರೆ ಗೊತ್ತಿಲ್ಲದೆ ಬಂದು ಕೂತಾಗಲೇ ಜಾಸ್ತಿ ಕಷ್ಟ.

ಯಾವ ಮಾತ್ರೆ ಇದು?

ಎಸ್ಸಿಟಾಲೊಪ್ರಾಮ್ ಅನ್ನುವುದು ಒಳಗಿನ ಔಷಧದ ಹೆಸರು. ಡಬ್ಬದ ಮೇಲೆ ನೆಕ್ಸಿಟೊ, ಸಿಪ್ರಾಲೆಕ್ಸ್, ಎಸ್-ಸಿಟಾಡೆಪ್, ಸ್ಟಾಲೊಪಾಮ್ ಅಂತ ಹತ್ತಾರು ಹೆಸರು ಇರಬಹುದು. ಅಮೆರಿಕದಲ್ಲಿರುವ ನಮ್ಮವರು ಲೆಕ್ಸಾಪ್ರೊ ಅನ್ನುವುದೂ ಇದನ್ನೇ. ಹೆಸರು ಬೇರೆ ಅಂತ ಔಷಧವೂ ಬೇರೆ ಅಂದುಕೊಂಡು ಎರಡೂ ನುಂಗುವವರಿದ್ದಾರೆ. ಒಬ್ಬ ಡಾಕ್ಟರ್ ಒಂದು ಕಂಪನಿಯದ್ದು ಬರೆದಿರುತ್ತಾರೆ, ಇನ್ನೊಬ್ಬರು ಇನ್ನೊಂದು ಕಂಪನಿಯದ್ದು. ಅದಕ್ಕೇ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರನ್ನೇ ಓದಬೇಕು.

ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿ 1989ರಲ್ಲಿ ಸಿಟಾಲೊಪ್ರಾಮ್ ಅನ್ನುವ ಔಷಧ ತಂದಿತು. ಅದರ ಅಣುಗಳು ಎರಡು ಬಗೆ. ಬಲಗಾಲಿನ ಚಪ್ಪಲಿ, ಎಡಗಾಲಿನ ಚಪ್ಪಲಿ ಇದ್ದ ಹಾಗೆ, ಒಂದಕ್ಕೊಂದು ಕನ್ನಡಿಯ ಬಿಂಬ. ಕೆಲಸ ಮಾಡುವುದು ಮುಖ್ಯವಾಗಿ ಒಂದು ಕಾಲಿನದ್ದು ಮಾತ್ರ. ಅದನ್ನಷ್ಟೇ ಬೇರ್ಪಡಿಸಿ ಮಾಡಿದ್ದು ಎಸ್ಸಿಟಾಲೊಪ್ರಾಮ್. 2002ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಸಿಟಾಲೊಪ್ರಾಮ್ 20 ಎಂಜಿ ಮಾಡುವ ಕೆಲಸವನ್ನು ಇದು ಹೆಚ್ಚುಕಡಿಮೆ 10 ಎಂಜಿಯಲ್ಲಿ ಮಾಡುವುದು ಇದೇ ಕಾರಣಕ್ಕೆ.

ಖಿನ್ನತೆಗೆ ಇದನ್ನು ಕೊಡುತ್ತಾರೆ. ಖಿನ್ನತೆ ಅಂದರೆ ಸುಮ್ನೆ ಬೇಜಾರಲ್ಲ. ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ಬದುಕೇ ಭಾರ ಅನ್ನಿಸುವುದು. ಅತಿಯಾದ ಆತಂಕಕ್ಕೂ, ಎದೆ ಹೊಡೆದುಕೊಂಡು ಸತ್ತೇ ಹೋಗುತ್ತೇನೆ ಅನ್ನಿಸುವ ಪ್ಯಾನಿಕ್‌ಗೂ, ಕೈ ತೊಳೆದದ್ದೇ ತೊಳೆಯುವಂಥ ಗೀಳಿಗೂ ಇದೇ ಮಾತ್ರೆ ಬರೆಯುವುದುಂಟು. ಸಾಮಾನ್ಯವಾಗಿ ದಿನಕ್ಕೆ 5 ಅಥವಾ 10 ಎಂಜಿಯಿಂದ ಶುರು. ದೊಡ್ಡವರಿಗೆ ಹೆಚ್ಚೆಂದರೆ 20. ವಯಸ್ಸಾದವರಿಗೆ 10ರ ಮೇಲೆ ಹೋಗುವುದು ಕಡಿಮೆ. ಯಾರಿಗೆ ಎಷ್ಟು ಅಂತ ಡಾಕ್ಟರೇ ಹೇಳಬೇಕು, ನನ್ನ ಕೌಂಟರಲ್ಲ.

ತೊಟ್ಟಿಯ ತೂತಿಗೆ ಬಟ್ಟೆ

ಮೆದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದು. ಒಂದು ಕೋಶ ಆ ಸಂದಿಗೆ ರಾಸಾಯನಿಕ ಸುರಿದು ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಹಾಗೆ ಸುರಿಯುವ ರಾಸಾಯನಿಕಗಳಲ್ಲಿ ಸಿರೊಟೋನಿನ್ ಒಂದು. ಸುದ್ದಿ ಮುಟ್ಟಿದ ಮೇಲೆ ಕೋಶವು ಸುರಿದದ್ದನ್ನು ಒಂದು ಪಂಪಿನ ಮೂಲಕ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ.

ಬಚ್ಚಲಿನ ನೀರಿನ ತೊಟ್ಟಿ ನೆನಪಿಸಿಕೊಳ್ಳಿ. ಮೇಲೆ ನಲ್ಲಿಯಿಂದ ನೀರು ಬೀಳುತ್ತಿದೆ. ತಳದಲ್ಲೊಂದು ತೂತಿದೆ. ಎಸ್ಸಿಟಾಲೊಪ್ರಾಮ್ ನಲ್ಲಿಯನ್ನು ಮುಟ್ಟುವುದಿಲ್ಲ, ತೂತಿಗೆ ಅಡ್ಡವಾಗಿ ಒಂದು ಬಟ್ಟೆ ತುರುಕುತ್ತದೆ. ತೊಟ್ಟಿಯಲ್ಲಿ ನೀರು ಸ್ವಲ್ಪ ಮೇಲಕ್ಕೆ ನಿಲ್ಲುತ್ತದೆ. ಈ ಕೆಲಸ ಮಾಡುವ ಔಷಧಗಳನ್ನೆಲ್ಲ ಒಟ್ಟಾಗಿ ಎಸ್‌ಎಸ್‌ಆರ್‌ಐ ಅನ್ನುತ್ತಾರೆ. ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್ ಇದೇ ಬಳಗದವು.

ಬಟ್ಟೆ ತುರುಕಿದ ಕೆಲವೇ ಗಂಟೆಯಲ್ಲಿ ನೀರೇನೋ ಏರುತ್ತದೆ. ಆದರೆ ಮನಸ್ಸು ಹಗುರಾಗಲು 2ರಿಂದ 4 ವಾರ ಬೇಕು. ಪೂರ್ತಿ ಗುಣ ಕಾಣಲು ಕೆಲವರಿಗೆ 6ರಿಂದ 8 ವಾರವೂ ಹಿಡಿಯುತ್ತದೆ. ಹೊಸ ಮಟ್ಟಕ್ಕೆ ಮೆದುಳು ತನ್ನ ವ್ಯವಸ್ಥೆಯನ್ನೇ ಬದಲಿಸಿಕೊಳ್ಳಬೇಕು, ಅದು ನಿಧಾನದ ಕೆಲಸ. ಸೈಡ್ ಎಫೆಕ್ಟ್ ಮಾತ್ರ ಮೊದಲ ದಿನವೇ ಹಾಜರ್. ಲಾಭ ತಡ, ತೊಂದರೆ ಬೇಗ. ಎಷ್ಟೋ ಜನ ಒಂದೇ ವಾರದಲ್ಲಿ ಬಿಟ್ಟುಬಿಡುವುದು ಇದಕ್ಕೇ.

ಮೊದಲ ಎರಡು ವಾರ

ತಲೆಗೆ ಕೊಟ್ಟ ಮಾತ್ರೆ ಹೊಟ್ಟೆಯನ್ನು ಯಾಕೆ ಕೆಡಿಸುತ್ತದೆ? ನಮ್ಮ ದೇಹದ ಸಿರೊಟೋನಿನ್‌ನಲ್ಲಿ ಸುಮಾರು ಶೇ. 90 ಇರುವುದು ಮೆದುಳಿನಲ್ಲಲ್ಲ, ಕರುಳಿನಲ್ಲಿ. ಅಲ್ಲಿಯೂ ಅದೇ ಪಂಪು, ಅದೇ ತೂತು. ಮಾತ್ರೆಗೆ ಇದು ತಲೆ, ಇದು ಹೊಟ್ಟೆ ಅಂತ ಗೊತ್ತಾಗುವುದಿಲ್ಲ, ಎರಡೂ ಕಡೆ ಬಟ್ಟೆ ತುರುಕುತ್ತದೆ. ಹಾಗಾಗಿ ವಾಕರಿಕೆ, ಹಸಿವು ಕಡಿಮೆ, ಕೆಲವರಿಗೆ ಭೇದಿ. ಊಟ ಅಥವಾ ತಿಂಡಿ ಆದ ಮೇಲೆ ನುಂಗಿದರೆ ಎಷ್ಟೋ ವಾಸಿ. ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇದು ತಾನಾಗಿ ಇಳಿಯುತ್ತದೆ.

ತಲೆನೋವು, ಬಾಯಿ ಒಣಗುವುದು, ಬೆವರು, ಕೈ ಸಣ್ಣಗೆ ನಡುಗುವುದು, ವಿಚಿತ್ರ ಕನಸು ಕೂಡ ಬರಬಹುದು. ಸುಮ್ಮಸುಮ್ಮನೆ ಆಕಳಿಕೆ ಬರುವುದೂ ಇದರದ್ದೇ ಸೈಡ್ ಎಫೆಕ್ಟ್ ಅಂದರೆ ಜನ ನಗುತ್ತಾರೆ. ನಿದ್ದೆಯ ವಿಷಯದಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ. ಕೆಲವರಿಗೆ ತೂಕಡಿಕೆ, ಕೆಲವರಿಗೆ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ. ನಿದ್ದೆ ಬರದವರು ಡಾಕ್ಟರನ್ನು ಕೇಳಿ ಬೆಳಿಗ್ಗೆ ತೆಗೆದುಕೊಳ್ಳಬಹುದು, ತೂಕಡಿಸುವವರು ರಾತ್ರಿ.

ಆತಂಕಕ್ಕೆ ಅಂತ ಕೊಟ್ಟ ಮಾತ್ರೆ ಮೊದಲ ಕೆಲವು ದಿನ ಆತಂಕವನ್ನೇ ಹೆಚ್ಚಿಸುವುದುಂಟು. ಇದನ್ನು ಮೊದಲೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ, ಹೇಳದಿದ್ದರೆ ಹೆದರಿ ಸ್ಟ್ರಿಪ್ ಬಿಸಾಡುತ್ತಾರೆ. ಕಡಿಮೆ ಡೋಸಿನಿಂದ ಶುರು ಮಾಡುವುದರ ಹಿಂದಿನ ಲೆಕ್ಕವೂ ಇದೇ.

25 ವರ್ಷದೊಳಗಿನವರ ವಿಷಯದಲ್ಲಿ ಮಾತ್ರ ಮನೆಯವರು ಕಣ್ಣಿಟ್ಟಿರಬೇಕು. ಚಿಕಿತ್ಸೆಯ ಶುರುವಿನಲ್ಲಿ, ಡೋಸ್ ಬದಲಾದಾಗ, ಕೆಲವು ಎಳೆಯರಲ್ಲಿ ಸಾಯಬೇಕು ಅನ್ನುವ ಯೋಚನೆ ಹೆಚ್ಚುವುದು ಕಂಡುಬಂದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ ಈ ಎಚ್ಚರಿಕೆಯನ್ನು ಔಷಧದ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕಟ್ಟಿನೊಳಗೆ ಹಾಕಿಸಿತು. 2007ರಲ್ಲಿ ಅದನ್ನು 24 ವಯಸ್ಸಿನವರೆಗೆ ವಿಸ್ತರಿಸಿತು. ಮನಸ್ಸಿನ ನೋವು ಇಳಿಯುವ ಮೊದಲೇ ಮೈಗೆ ಚೈತನ್ಯ ಬಂದುಬಿಡುತ್ತದೆ ಅನ್ನುವುದು ಇದಕ್ಕೆ ಒಂದು ವಿವರಣೆ. ಚಡಪಡಿಕೆ, ವಿಪರೀತ ಸಿಟ್ಟು, ಸಾವಿನ ಮಾತು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅದೇ ದಿನ ಡಾಕ್ಟರಿಗೆ ತಿಳಿಸಿ.

ಇದಕ್ಕೆ ತದ್ವಿರುದ್ಧವೂ ಒಂದಿದೆ. ನಿದ್ದೆಯೇ ಬೇಡ, ಮಾತು ನಿಲ್ಲದು, ಕೈಗೆ ಸಿಕ್ಕ ದುಡ್ಡೆಲ್ಲ ಖರ್ಚು, ಲೋಕವೇ ತನ್ನದು ಅನ್ನುವ ಉಮೇದು. ಖಿನ್ನತೆ ಮತ್ತು ಇಂಥ ಉಮೇದು ಸರದಿಯ ಮೇಲೆ ಬರುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ಈ ಮಾತ್ರೆ ಹಾಗೆ ತಿರುಗಿಸಿಬಿಡಬಹುದು. "ಅಬ್ಬಾ, ಮಾತ್ರೆ ಕೆಲಸ ಮಾಡ್ತು" ಅಂತ ಮನೆಯವರು ಖುಷಿಪಡುತ್ತಾರೆ. ಅದು ಗುಣವಲ್ಲ.

ಕೇಳಲು ನಾಚುವ ಪ್ರಶ್ನೆ

ಅಂಗಡಿಯಲ್ಲಿ ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ ಒಂದೇ. ಗಂಡ ಹೆಂಡತಿ ಸಂಬಂಧದಲ್ಲಿ ಆಸಕ್ತಿ ಹೋಗಿದೆ, ಇದು ಮಾತ್ರೆಯಿಂದಲಾ? ಹೌದು, ಆಗಿರಬಹುದು. ಗಂಡಸರಲ್ಲಿ ವೀರ್ಯ ಬರುವುದು ತೀರಾ ತಡವಾಗುವುದು, ಹೆಂಗಸರಲ್ಲಿ ಸುಖದ ತುದಿ ಮುಟ್ಟಲಾಗದಿರುವುದು, ಇಬ್ಬರಲ್ಲೂ ಬಯಕೆ ಕಡಿಮೆಯಾಗುವುದು ಈ ಬಳಗದ ಮಾತ್ರೆಗಳಲ್ಲಿ ಬಹಳ ಸಾಮಾನ್ಯ. ವಾಕರಿಕೆಯ ಹಾಗೆ ಇದು ಎರಡು ವಾರಕ್ಕೆ ಹೋಗುವುದಿಲ್ಲ. ಮಾತ್ರೆ ತೆಗೆದುಕೊಳ್ಳುವಷ್ಟು ದಿನವೂ ಉಳಿಯಬಹುದು. ಅಪರೂಪಕ್ಕೆ ಬಿಟ್ಟ ಮೇಲೂ ಉಳಿದದ್ದಿದೆ. ಖಿನ್ನತೆಯೂ ಬಯಕೆಯನ್ನು ಕುಗ್ಗಿಸುತ್ತದೆ, ಹಾಗಾಗಿ ಯಾವುದು ಯಾವುದರಿಂದ ಅಂತ ಬಿಡಿಸಲು ಡಾಕ್ಟರಿಗೆ ಮಾತ್ರೆಗೆ ಮೊದಲು ಹೇಗಿತ್ತು ಅನ್ನುವುದು ಗೊತ್ತಿರಬೇಕು. ಡೋಸ್ ಇಳಿಸುವುದು, ಬೇರೆ ಮಾತ್ರೆಗೆ ಬದಲಾಯಿಸುವುದು, ಹೀಗೆ ದಾರಿಗಳಿವೆ. ಅದನ್ನು ಹೇಳಿಕೊಳ್ಳಲಾಗದೆ ಮಾತ್ರೆಯನ್ನೇ ನಿಲ್ಲಿಸಿದವರನ್ನು ನಾನು ತುಂಬಾ ನೋಡಿದ್ದೇನೆ.

ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ತೂಕ ಸ್ವಲ್ಪ ಏರುತ್ತದೆ. ಇನ್ನು ಕೆಲವರು "ಅಳುನೂ ಬರಲ್ಲ, ನಗುನೂ ಬರಲ್ಲ, ಎಲ್ಲ ಸಪ್ಪೆ" ಅನ್ನುತ್ತಾರೆ. ಡೋಸ್ ಜಾಸ್ತಿಯಾಗಿದ್ದರೆ ಹೀಗಾಗಬಹುದು, ಇದನ್ನೂ ಡಾಕ್ಟರಿಗೆ ಹೇಳಬೇಕು.

ದೊಡ್ಡಮ್ಮನ ಸೋಡಿಯಂ

ಇದು ನಮ್ಮ ಮನೆಯದ್ದೇ. ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಮಂಕಾದರು. ವಯಸ್ಸು 72. ಡಾಕ್ಟರ್ ಎಸ್ಸಿಟಾಲೊಪ್ರಾಮ್ ಬರೆದರು. ಮೂರನೇ ವಾರದಲ್ಲಿ ದೊಡ್ಡಮ್ಮ ಸಂಜೆ ಐದಕ್ಕೆ ಎದ್ದು, ಬೆಳಗಾಯಿತು ಅಂತ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಹೊರಟರು. ನಡೆಯುವಾಗ ತೂರಾಡುತ್ತಿದ್ದರು. "ವಯಸ್ಸಾಯ್ತಲ್ಲ, ಮರೆವು" ಅಂದೆವು ನಾವೆಲ್ಲ. ಮಾತ್ರೆ ಮಾರುವ ನಾನೂ ಹಾಗೇ ಅಂದೆ. ಎರಡು ದಿನ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದಾಗ ಸೋಡಿಯಂ 118. ಇರಬೇಕಾದದ್ದು 135ರಿಂದ 145.

ಸೋಡಿಯಂ ಅಂದರೆ ರಕ್ತದಲ್ಲಿರುವ ಉಪ್ಪಿನಂಶ. ಈ ಮಾತ್ರೆ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ನೀರನ್ನು ಹಿಡಿದಿಡುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಮೂತ್ರದಲ್ಲಿ ಹೋಗಬೇಕಾದ ನೀರು ಒಳಗೇ ಉಳಿಯುತ್ತದೆ. ಸಾರಿಗೆ ನೀರು ಬೆರೆಸಿದರೆ ಉಪ್ಪು ಸಪ್ಪೆಯಾಗುತ್ತದಲ್ವಾ, ರಕ್ತದ್ದೂ ಅದೇ ಪಾಡು. ಉಪ್ಪು ಸಪ್ಪೆಯಾದರೆ ತಲೆನೋವು, ಗೊಂದಲ, ತೂರಾಟ. ತೀರಾ ಇಳಿದರೆ ಫಿಟ್ಸ್.

ದೊಡ್ಡಮ್ಮನ ಬಿಪಿ ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಅಂತ ಇತ್ತು. ಬಿಪಿ ಮಾತ್ರೆಗಳಲ್ಲಿ ಆ ಎಚ್ ಅಂದರೆ ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಾಜೈಡ್, ಮೂತ್ರ ಜಾಸ್ತಿ ಮಾಡಿಸುವ ಔಷಧ. ಅದು ಉಪ್ಪನ್ನೂ ಹೊರಗೆ ಸಾಗಿಸುತ್ತದೆ. ಒಂದು ಕಡೆಯಿಂದ ಉಪ್ಪು ಹೋಯಿತು, ಇನ್ನೊಂದು ಕಡೆ ನೀರು ನಿಂತಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ನಿಧಾನವಾಗಿ ಸರಿಮಾಡಿದರು. ನಿಧಾನವಾಗಿಯೇ ಮಾಡಬೇಕು, ಸೋಡಿಯಂ ಬೇಗ ಏರಿಸಿದರೆ ಮೆದುಳಿಗೆ ಪೆಟ್ಟು. ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡುವ ಸಾಹಸ ಬೇಡ. ಅರವತ್ತು ದಾಟಿದವರು ಈ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲೊಮ್ಮೆ ಸೋಡಿಯಂ ನೋಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಸಣ್ಣ ಪರೀಕ್ಷೆ ಅದು.

ಒಂದೇ ಗಿರಣಿ, ಇಬ್ಬರ ರಾಗಿ

ನುಂಗಿದ ಮಾತ್ರೆಯನ್ನು ಪುಡಿಮಾಡಿ ಹೊರಹಾಕುವ ಕೆಲಸ ಹೆಚ್ಚಾಗಿ ಲಿವರ್‌ನದ್ದು. ಅದಕ್ಕೆ ಅಲ್ಲಿ ಬೇರೆ ಬೇರೆ ಕಿಣ್ವಗಳಿವೆ. ಅವನ್ನು ಊರಿನ ಹಿಟ್ಟಿನ ಗಿರಣಿಗಳು ಅಂದುಕೊಳ್ಳಿ. ಎಸ್ಸಿಟಾಲೊಪ್ರಾಮ್ ಮುಖ್ಯವಾಗಿ ಹೋಗುವ ಗಿರಣಿಗೆ ಸಿವೈಪಿ2ಸಿ19 ಅಂತ ಹೆಸರು. ನೆನಪಿಡಬೇಕಾಗಿಲ್ಲ. ಕೆಲವರಲ್ಲಿ ಈ ಗಿರಣಿ ಹುಟ್ಟಿನಿಂದಲೇ ನಿಧಾನ, ಅವರಿಗೆ 10 ಎಂಜಿಯೇ ಬೇರೆಯವರ 20ರ ಹಾಗೆ ತಾಗಬಹುದು.

ಈಗ ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಗ್ಯಾಸ್ ಮಾತ್ರೆಗೆ ಬನ್ನಿ. ಒಮೆಪ್ರಜೋಲ್, ಎಸೊಮೆಪ್ರಜೋಲ್ ಇದೇ ಗಿರಣಿಯ ಕಲ್ಲನ್ನು ಹಿಡಿದುಬಿಡುತ್ತವೆ. ಎಸ್ಸಿಟಾಲೊಪ್ರಾಮ್ ಹೊರಗೆ ಚೀಲ ಹಿಡಿದು ಕಾಯುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಒಮೆಪ್ರಜೋಲ್ ಜೊತೆ ಸುಮಾರು ಒಂದೂವರೆ ಪಟ್ಟಾಗುವುದುಂಟು. ಡಾಕ್ಟರ್ ಬರೆದದ್ದು 10, ಒಳಗೆ ಕೆಲಸ ಮಾಡುವುದು 15ರ ಹಾಗೆ. ಪ್ಯಾಂಟೊಪ್ರಜೋಲ್ ಈ ಗಿರಣಿಗೆ ಅಷ್ಟು ಅಡ್ಡ ಬರುವುದಿಲ್ಲ. ಹುಳುಕಡ್ಡಿಗೆ, ಬಿಳಿಸೆರಗಿಗೆ ಕೊಡುವ ಫ್ಲುಕೊನಜೋಲ್ ಕೂಡ ಒಮೆಪ್ರಜೋಲ್ ಸಾಲಿನದ್ದೇ.

ಎಸ್ಸಿಟಾಲೊಪ್ರಾಮ್ ತಾನೂ ಇನ್ನೊಂದು ಗಿರಣಿಗೆ ಸ್ವಲ್ಪ ಅಡ್ಡಿ. ಬಿಪಿ ಮತ್ತು ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ಅಲ್ಲಿಗೆ ಹೋಗುತ್ತದೆ. ಅದರ ಪ್ರಮಾಣ ಏರಿದರೆ ನಾಡಿ ನಿಧಾನವಾಗಿ ತಲೆ ಸುತ್ತಬಹುದು.

ಮಂಡಿನೋವಿನ ಮಾತ್ರೆ ಮತ್ತು ರಕ್ತ

ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಪ್ಲೇಟ್‌ಲೆಟ್ ಕಣಗಳು. ಒಂದಕ್ಕೊಂದು ಅಂಟಿಕೊಳ್ಳಲು ಅವು ಸಿರೊಟೋನಿನ್ ಬಳಸುತ್ತವೆ. ಅದನ್ನು ತಾವೇ ತಯಾರಿಸಲು ಅವುಗಳಿಗೆ ಬರುವುದಿಲ್ಲ, ಮೊದಲು ಹೇಳಿದ ಅದೇ ಪಂಪಿನಿಂದ ಎಳೆದುಕೊಳ್ಳುತ್ತವೆ. ಪಂಪಿಗೇ ಬಟ್ಟೆ ಬಿದ್ದರೆ? ಅಂಟು ಕಡಿಮೆ. ಬರೀ ಎಸ್ಸಿಟಾಲೊಪ್ರಾಮ್ ತೆಗೆದುಕೊಳ್ಳುವ ಗಟ್ಟಿಮುಟ್ಟಾದವರಲ್ಲಿ ಇದು ದೊಡ್ಡ ವಿಷಯವಲ್ಲ. ಜೊತೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬಿದ್ದರೆ ಅವು ಹೊಟ್ಟೆಯ ಒಳಪದರವನ್ನು ಕೆರೆಯುತ್ತವೆ. ಕೆರೆದಲ್ಲಿ ಒಸರಿದ ರಕ್ತ ಬೇಗ ನಿಲ್ಲುವುದಿಲ್ಲ. ಹೃದಯಕ್ಕೆ ಅಂತ ದಿನಾ ನುಂಗುವ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಇಕೋಸ್ಪ್ರಿನ್ (ಆಸ್ಪಿರಿನ್), ಕ್ಲೊಪಿಡೊಗ್ರೆಲ್, ವಾರ್ಫರಿನ್ ಜೊತೆಗೂ ಇದೇ ಮಾತು. ಅವನ್ನು ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಹೃದಯದ ಡಾಕ್ಟರಿಗೆ ಈ ಮಾತ್ರೆಯ ವಿಷಯ ಗೊತ್ತಿರಬೇಕು ಅಷ್ಟೇ. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾದರೆ, ಮೈಮೇಲೆ ಸುಮ್ನೆ ನೀಲಿ ಕಲೆ ಕಂಡರೆ ತಡ ಮಾಡಬೇಡಿ.

ಸಾಮಾನ್ಯ ಮೈಕೈ ನೋವಿಗೆ, ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಇದರ ಜೊತೆ ಹೊಂದಿಕೊಳ್ಳುತ್ತದೆ. ಬರೀ ಅನ್ನುವುದನ್ನು ಗಮನಿಸಿ. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿಸಿದ ಮಾತ್ರೆಗಳೂ ಇವೆ.

ತೊಟ್ಟಿ ತುಂಬಿ ಹರಿದಾಗ

ಟ್ರಮಡಾಲ್ ಜೋರಾದ ನೋವಿನ ಔಷಧ. ಆಪರೇಶನ್ ಆದ ಮೇಲೆ, ಮೂಳೆ ಮುರಿದಾಗ ಬರೆಯುತ್ತಾರೆ. ಅದು ಕೂಡ ಸಿರೊಟೋನಿನ್ ತೊಟ್ಟಿಯ ತೂತಿಗೆ ಬಟ್ಟೆ ತುರುಕುವ ಜಾತಿಯದ್ದು. ಈಗಾಗಲೇ ಒಂದು ಬಟ್ಟೆ ಇದೆ, ಇದು ಎರಡನೆಯದು. ತೊಟ್ಟಿ ತುಂಬಿ ಹೊರಗೆ ಹರಿಯಬಹುದು. ಅದಕ್ಕೆ ಸಿರೊಟೋನಿನ್ ಸಿಂಡ್ರೋಮ್ ಅನ್ನುತ್ತಾರೆ. ಚಡಪಡಿಕೆ, ವಿಪರೀತ ಬೆವರು, ನಡುಕ, ಜ್ವರ, ಭೇದಿ, ಓಡುವ ನಾಡಿ. ಪಾದವನ್ನು ಮೇಲಕ್ಕೆ ಒತ್ತಿದರೆ ಹೊಲಿಗೆ ಮಷಿನ್ ತುಳಿದ ಹಾಗೆ ತಾನಾಗಿ ಅದುರುತ್ತದೆ. ಹೊಸ ಮಾತ್ರೆ ಸೇರಿದ ಅಥವಾ ಡೋಸ್ ಏರಿದ ಒಂದು ದಿನದೊಳಗೇ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮನೆಯವರಿಗೆ ಜ್ವರ, ಭೇದಿ ಅಂತಷ್ಟೇ ಕಾಣುತ್ತದೆ. ಅಪರೂಪ, ಆದರೆ ಆಸ್ಪತ್ರೆಗೇ ಓಡಬೇಕಾದದ್ದು.

1984ರಲ್ಲಿ ನ್ಯೂಯಾರ್ಕ್‌ನಲ್ಲಿ 18 ವರ್ಷದ ಹುಡುಗಿಯೊಬ್ಬಳು ಜ್ವರ, ಚಡಪಡಿಕೆ ಅಂತ ಆಸ್ಪತ್ರೆ ಸೇರಿ ಮರುದಿನದ ಹೊತ್ತಿಗೆ ತೀರಿಕೊಂಡಳು. ಅವಳು ಫಿನೆಲ್ಜಿನ್ ಅನ್ನುವ ಹಳೇ ಬಗೆಯ ಖಿನ್ನತೆಯ ಮಾತ್ರೆಯಲ್ಲಿದ್ದಳು. ಆಸ್ಪತ್ರೆಯಲ್ಲಿ ಪೆಥಿಡಿನ್ ಅನ್ನುವ ಜೋರಾದ ನೋವಿನ ಔಷಧದ ಇಂಜೆಕ್ಷನ್ ಕೊಟ್ಟರು. ಇವೆರಡು ಸೇರಿದ್ದೇ ಕಾರಣ ಅಂತ ಇಂದು ಬಹಳ ವೈದ್ಯರ ಅಭಿಪ್ರಾಯ.

ಫಿನೆಲ್ಜಿನ್‌ನ ಬಳಗಕ್ಕೆ ಎಂಎಒಐ ಅಂತ ಹೆಸರು. ತೂತು ಮುಚ್ಚುವುದಲ್ಲ ಅವುಗಳ ಕೆಲಸ, ಸಿರೊಟೋನಿನ್ ಕರಗದ ಹಾಗೆ ಮಾಡುವುದು. ಎಸ್ಸಿಟಾಲೊಪ್ರಾಮ್‌ಗೂ ಅವಕ್ಕೂ ನಡುವೆ ಕನಿಷ್ಠ 14 ದಿನದ ಅಂತರ ಬೇಕು. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಸೆಲೆಜಿಲಿನ್, ರಸಾಜಿಲಿನ್ ಇದೇ ಬಳಗ. ಈ ಬಳಗ ಹುಟ್ಟಿದ ಕಥೆ ಸ್ವಾರಸ್ಯದ್ದು. 1952ರ ಸುಮಾರಿಗೆ ನ್ಯೂಯಾರ್ಕ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಟಿಬಿ ರೋಗಿಗಳಿಗೆ ಐಪ್ರೊನಿಯಾಜಿಡ್ ಅನ್ನುವ ಹೊಸ ಔಷಧ ಕೊಟ್ಟು ನೋಡಿದರು. ಹಾಸಿಗೆ ಹಿಡಿದವರು ಎದ್ದು ಓಡಾಡಿ ಉಲ್ಲಾಸದಲ್ಲಿದ್ದರು. ಟಿಬಿಗೆ ಹುಡುಕಿದ್ದು ಖಿನ್ನತೆಯ ಮೊದಲ ಮಾತ್ರೆಗಳಲ್ಲಿ ಒಂದಾಯಿತು. ಇವತ್ತು ಔಷಧಕ್ಕೆ ಬಗ್ಗದ ಟಿಬಿಗೆ ನಮ್ಮಲ್ಲಿ ಕೊಡುವ ಲಿನೆಜೊಲಿಡ್‌ಗೂ ಅದೇ ಗುಣ ಸ್ವಲ್ಪ ಇದೆ. ಹಾಗಾಗಿ ಟಿಬಿ ಚಿಕಿತ್ಸೆ ಶುರು ಮಾಡುವಾಗ ಈ ಸ್ಟ್ರಿಪ್ ತೋರಿಸಲೇಬೇಕು.

ಒಣಕೆಮ್ಮಿನ ಸಿರಪ್ಪಿನಲ್ಲಿ ಡೆಕ್ಸ್ಟ್ರೊಮೆಥಾರ್ಫನ್ ಇದೆಯಾ ಅಂತ ಬಾಟಲಿ ತಿರುಗಿಸಿ ನೋಡಿ. ಮಾಮೂಲಿ ಅಳತೆಯಲ್ಲಿ ಅಪಾಯ ಕಡಿಮೆ, ಕೆಮ್ಮು ನಿಲ್ಲಲಿಲ್ಲ ಅಂತ ಮುಚ್ಚಳದ ಮೇಲೆ ಮುಚ್ಚಳ ಕುಡಿದರೆ ಕಷ್ಟ. ಅರೆತಲೆನೋವಿನ ಸುಮಟ್ರಿಪ್ಟಾನ್, ಬೈಪೋಲಾರ್‌ಗೆ ಕೊಡುವ ಲಿಥಿಯಂ ವಿಷಯದಲ್ಲೂ ಡಾಕ್ಟರಿಗೆ ಗೊತ್ತಿರಬೇಕು. ಅಮೆರಿಕದಲ್ಲಿರುವ ನಮ್ಮವರಿಗೆ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಮಾತ್ರೆ ಚೀಟಿಯಿಲ್ಲದೆ ಸಿಗುತ್ತದೆ. ಗಿಡದ್ದು ಅಂತ ನಿರುಪದ್ರವಿ ಅಲ್ಲ, ಅದೂ ಇದೇ ತೊಟ್ಟಿಗೆ ಕೈಹಾಕುತ್ತದೆ.

ಪ್ಯಾನ್-ಡಿ ಯಾಕೆ ಕೊಡಲಿಲ್ಲ?

ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ವಿದ್ಯುತ್ತನ್ನು ಮತ್ತೆ ಹದಕ್ಕೆ ತಂದುಕೊಳ್ಳಬೇಕು. ಅದಕ್ಕೆ ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಹಿಡಿಯುತ್ತದೆ. ಇಸಿಜಿಯಲ್ಲಿ ಅದನ್ನು ಅಳೆಯುವ ಗೆರೆಗೆ ಕ್ಯೂಟಿ ಅಂತ ಹೆಸರು. ಉಯ್ಯಾಲೆ ಪೂರ್ತಿ ಹಿಂದೆ ಬಂದ ಮೇಲೆ ತಳ್ಳಿದರೆ ಸರಿಯಾಗಿ ತೂಗುತ್ತದೆ. ಬರುವ ಮೊದಲೇ ತಳ್ಳಿದರೆ ಓಲಾಡಿ ಲಯ ತಪ್ಪುತ್ತದೆ. ಕ್ಯೂಟಿ ಉದ್ದವಾದರೆ ಉಯ್ಯಾಲೆ ಹಿಂದೆ ಬರುವುದು ತಡವಾದ ಹಾಗೆ. ಹೃದಯ ಲಯ ತಪ್ಪಿದರೆ ಎಚ್ಚರ ತಪ್ಪುವುದರಿಂದ ಹಿಡಿದು ಜೀವಕ್ಕೇ ಅಪಾಯ.

ಎಸ್ಸಿಟಾಲೊಪ್ರಾಮ್ ಕ್ಯೂಟಿಯನ್ನು ತುಸು ಉದ್ದ ಮಾಡುತ್ತದೆ. ಡೋಸ್ ಹೆಚ್ಚಿದಷ್ಟೂ ಜಾಸ್ತಿ. 2011ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ನಿಯಂತ್ರಣ ಸಂಸ್ಥೆಗಳು ಸಿಟಾಲೊಪ್ರಾಮ್‌ನ ಗರಿಷ್ಠ ಡೋಸ್ ಇಳಿಸಿದ್ದು ಇದಕ್ಕೇ. ಬ್ರಿಟನ್ ಎಸ್ಸಿಟಾಲೊಪ್ರಾಮ್‌ಗೂ 65 ದಾಟಿದವರಿಗೆ 10 ಎಂಜಿ ಅಂತ ಗೆರೆ ಎಳೆಯಿತು. ಇದೊಂದೇ ಆದರೆ ಆರೋಗ್ಯವಂತ ಹೃದಯ ತಡೆದುಕೊಳ್ಳುತ್ತದೆ. ಆದರೆ ಕ್ಯೂಟಿಯನ್ನು ಉದ್ದ ಮಾಡುವ ಇತರ ಔಷಧಗಳು ನಮ್ಮಲ್ಲಿ ಎಷ್ಟು ಸಲೀಸಾಗಿ ಸಿಗುತ್ತವೆ ನೋಡಿ. ಗಂಟಲು ನೋವಿಗೆ ಅಂತ ಕೇಳಿ ಪಡೆಯುವ ಅಜಿಥ್ರೊಮೈಸಿನ್, ಲೆವೊಫ್ಲಾಕ್ಸಸಿನ್, ವಾಂತಿಗೆ ಆಂಡಾನ್‌ಸೆಟ್ರಾನ್. ಮತ್ತೆ, ಪ್ಯಾನ್-ಡಿಯ ಆ 'ಡಿ'. ಅದು ಡೊಂಪೆರಿಡೋನ್.

ಪರ್ಸಿನವರ ಕಥೆಗೆ ಬರೋಣ. ಎಸ್ಸಿಟಾಲೊಪ್ರಾಮ್‌ನಿಂದ ವಾಕರಿಕೆ. ವಾಕರಿಕೆಗೆ ಡೊಂಪೆರಿಡೋನ್. ಎರಡೂ ಹೃದಯದ ಆ ಒಂದೇ ಗೆರೆಯನ್ನು ಎಳೆಯುತ್ತವೆ. ಸರಿಯಾಗಿ ತಿನ್ನದೆ, ವಾಂತಿಯಾಗಿ, ದೇಹದ ಪೊಟ್ಯಾಶಿಯಂ ಇಳಿದಿದ್ದರೆ ಲಯ ತಪ್ಪುವುದು ಇನ್ನೂ ಸುಲಭ. ಒಂದು ಮಾತ್ರೆ ತಿಂದ ಕೂಡಲೇ ಏನೋ ಆಗಿಬಿಡುತ್ತದೆ ಅಂತಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ವಯಸ್ಸಾದವರು, ಹೃದಯದ ತೊಂದರೆ ಇರುವವರು, ಮನೆಯಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲೇ ದಿಢೀರ್ ತೀರಿಕೊಂಡಿದ್ದರೆ ಅಂಥವರಿಗೆ ಅಪಾಯ ಜಾಸ್ತಿ. ಇವುಗಳಲ್ಲಿ ಯಾವುದು ಅವರಿಗಿದೆ ಅಂತ ನನಗೆ ಗೊತ್ತಿರಲಿಲ್ಲ. "ಅಕ್ಕ, ಇದು ಬೇಡ. ಆ ಮಾತ್ರೆನ ತಿಂಡಿ ಆದ್ಮೇಲೆ ತಗೊಳ್ಳಿ, ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಒಂದು ಫೋನ್ ಮಾಡಿ" ಅಂದೆ. ಯಾವ ಮಾತ್ರೆ ಅಂತ ಅವರೂ ಕೇಳಲಿಲ್ಲ, ನಾನೂ ಹೆಸರು ಹೇಳಲಿಲ್ಲ.

'ಪ್ಲಸ್' ಅಂತ ಬರೆದಿದ್ದರೆ

ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಜೆಪಾಮ್ ಸೇರಿಸಿದ ಮಾತ್ರೆ ನಮ್ಮಲ್ಲಿ ತುಂಬಾ ಓಡುತ್ತದೆ. ಹೆಸರಿನ ಮುಂದೆ 'ಪ್ಲಸ್' ಅಂತಲೋ ಇನ್ನೇನೋ ಇರುತ್ತದೆ. ಕ್ಲೊನಜೆಪಾಮ್ ಆತಂಕವನ್ನು ಬೇಗ ತಗ್ಗಿಸಿ ನಿದ್ದೆ ಬರಿಸುತ್ತದೆ, ಮೊದಲ ಎರಡು ಮೂರು ವಾರ ದಾಟಿಸಲು ಅನುಕೂಲ. ಆದರೆ ಅದು ಅಭ್ಯಾಸವಾಗುವ ಔಷಧ. ಎಸ್ಸಿಟಾಲೊಪ್ರಾಮ್ ಚಟ ಹಿಡಿಸುವುದಿಲ್ಲ. ಜನ ಎರಡನ್ನೂ ಒಂದೇ ಅಂದುಕೊಂಡು ಇದಕ್ಕೂ ಆ ಕೆಟ್ಟ ಹೆಸರು ಅಂಟಿಸಿದ್ದಾರೆ. ನಿಮ್ಮದು ಬರೀ ಎಸ್ಸಿಟಾಲೊಪ್ರಾಮಾ, ಜೋಡಿಯಾ ಅಂತ ತಿಳಿದುಕೊಳ್ಳಿ. ಜೋಡಿಯಾಗಿದ್ದರೆ ಎಷ್ಟು ದಿನಕ್ಕೆ ಅಂತಲೂ ಕೇಳಿ. ಅದರ ಮೇಲೆ ಕುಡಿದು ಗಾಡಿ ಓಡಿಸುವುದಂತೂ ಬೇಡವೇ ಬೇಡ. ಎಸ್ಸಿಟಾಲೊಪ್ರಾಮ್ ಒಂದೇ ಇದ್ದರೂ ಹೆಂಡ ಖಿನ್ನತೆಯನ್ನು ಇನ್ನಷ್ಟು ಕೆಡಿಸುತ್ತದೆ.

ನಿಲ್ಲಿಸುವುದು ಹೇಗೆ?

ಚಟವಲ್ಲ ಅಂದ ಮೇಲೆ ತಟ್ಟನೆ ಬಿಡಬಹುದಾ? ಬಿಡಬಾರದು. ತೂತಿನ ಬಟ್ಟೆಗೆ ಮೆದುಳು ಹೊಂದಿಕೊಂಡಿದೆ, ಒಮ್ಮೆಲೇ ಕಿತ್ತರೆ ನೀರು ಸರ್ರನೆ ಇಳಿಯುತ್ತದೆ. ತಲೆ ಸುತ್ತು, ಸಿಡುಕು, ಅಳು, ಕೆಟ್ಟ ಕನಸು, ಕತ್ತು ತಿರುಗಿಸಿದಾಗ ತಲೆಯೊಳಗೆ ಚುರ್ರ್ ಅಂತ ಕರೆಂಟ್ ಹೊಡೆದ ಹಾಗೆ. ಮಾತ್ರೆಯ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು 30 ಗಂಟೆ ಬೇಕು. ಹಾಗಾಗಿ ಬಿಟ್ಟ ಎರಡು ಮೂರು ದಿನಕ್ಕೆ ಇವು ಶುರುವಾಗುತ್ತವೆ. "ನೋಡಿ, ಕಾಯಿಲೆ ವಾಪಸ್ ಬಂತು" ಅಂತ ಜನ ಹೆದರುತ್ತಾರೆ. ಕಾಯಿಲೆ ಮರಳುವುದಾದರೆ ಸಾಮಾನ್ಯವಾಗಿ ವಾರಗಳು ಹಿಡಿಯುತ್ತವೆ, ಕರೆಂಟ್ ಹೊಡೆದ ಹಾಗೂ ಆಗುವುದಿಲ್ಲ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಡೋಸ್ ಇಳಿಸುತ್ತಾ ಬರುವುದು ವಾಡಿಕೆ. ಬಸುರಿ ಅಂತ ಗೊತ್ತಾದ ಕೂಡಲೇ ಹೆದರಿ ಬಿಡುವವರೂ ಇದ್ದಾರೆ. ಚಿಕಿತ್ಸೆಯಿಲ್ಲದ ಖಿನ್ನತೆ ತಾಯಿಗೂ ಮಗುವಿಗೂ ಒಳ್ಳೆಯದಲ್ಲ, ಆ ತೂಕ ಡಾಕ್ಟರ ಜೊತೆ ಕೂತು ಹಾಕಬೇಕಾದದ್ದು.

ಒಂದು ದಿನ ಮರೆತರೆ? ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಬಿಟ್ಟು ಮುಂದಿನದ್ದು ಮಾತ್ರ. ಎರಡು ಒಟ್ಟಿಗೆ ಬೇಡ.

ಹೇಳಲು ನಾಲಗೆ ಬಾರದಿದ್ದರೆ

ಕೌಂಟರಿನಲ್ಲಿ ನಾಲ್ಕು ಜನರ ಮುಂದೆ ಈ ಮಾತ್ರೆಯ ಹೆಸರು ಹೇಳುವುದು ಕಷ್ಟ, ಗೊತ್ತು. ಮೊಬೈಲಿನಲ್ಲಿ ಸ್ಟ್ರಿಪ್‌ನ ಹಿಂಬದಿಯ ಫೋಟೊ ಇಟ್ಟುಕೊಳ್ಳಿ. ನೋವಿನ ಮಾತ್ರೆ, ಕೆಮ್ಮಿನ ಸಿರಪ್, ಗ್ಯಾಸ್ ಮಾತ್ರೆ, ಆ್ಯಂಟಿಬಯೋಟಿಕ್ ಏನೇ ಕೊಳ್ಳುವಾಗಲೂ ಫೋನ್ ಮುಂದೆ ಹಿಡಿದು "ಇದರ ಜೊತೆ ಆಗುತ್ತಾ?" ಅಂತ ಕೇಳಿದರೆ ಸಾಕು. ಹಲ್ಲು ಕೀಳಿಸುವ ಮೊದಲು, ಆಪರೇಶನ್‌ಗೆ ಮೊದಲು ಅದೇ ಫೋಟೊ.

ರಾತ್ರಿ ಹೊತ್ತಲ್ಲಿ ಮನಸ್ಸು ತೀರಾ ಕೆಟ್ಟರೆ, ಯಾರಿಗೆ ಹೇಳಬೇಕು ಅಂತ ತೋಚದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ, ಹೆಸರು ಮತ್ತು ಎಂಜಿ ನೋಡಿ ಹೇಳಲು.